ಕಾಸರಕದ ಬೀಜ ಹಾಲಿನಲ್ಲಿ ಬೆಂದರೆ ನಂಜು ಎಲ್ಲಿ ಹೋಗುತ್ತದೆ?

ಹೊಟ್ಟೆ ಸರಿಯಿಲ್ಲವೆಂದೋ, ಸೊಂಟ ಹಿಡಿದಿದೆಯೆಂದೋ ತಂದಿಟ್ಟ ಆಯುರ್ವೇದದ ಗುಳಿಗೆ ಡಬ್ಬಿ ಮನೆಯಲ್ಲಿದ್ದರೆ ಒಮ್ಮೆ ತಿರುಗಿಸಿ ಸಣ್ಣ ಅಕ್ಷರ ಓದಿ. ಪದಾರ್ಥಗಳ ಪಟ್ಟಿಯಲ್ಲಿ ‘ಶುದ್ಧ ಕುಪೀಲು’ ಅಂತ ಇರಬಹುದು. ‘ವಿಷಮುಷ್ಟಿ’, ‘ವಿಷತಿಂದುಕ’ ಅಥವಾ ‘ಕಾರಸ್ಕರ’ ಅಂತಲೂ ಇರಬಹುದು. ಉತ್ತರ ಭಾರತದ ಕಂಪನಿಯಾದರೆ ‘ಕುಚಲಾ’. ಎಲ್ಲವೂ ಒಂದೇ ಬೀಜ. ನಮ್ಮ ಕಡೆ ಕಾಸರಕ, ಕೆಲವರಿಗೆ ಹೆಮ್ಮುಷ್ಟಿ, ತುಳುವರಿಗೆ ಕಾಯೆರ್. ಒಂದು ಕಾಲದಲ್ಲಿ ಇಲಿಗಳನ್ನೂ ಬೀದಿನಾಯಿಗಳನ್ನೂ ಕೊಲ್ಲಲು ಬಳಸುತ್ತಿದ್ದ ಸ್ಟ್ರಿಕ್ನಿನ್ ಎಂಬ ನಂಜು ಇರುವುದು ಇದರಲ್ಲೇ.

ಹಾಗಾದರೆ ಇದನ್ನು ಔಷಧಿ ಅಂತ ಯಾಕೆ ಕೊಡುತ್ತಾರೆ? ಬೆಂಗಳೂರಿನಲ್ಲಿ ಈ ಪ್ರಶ್ನೆ ಎತ್ತಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ‘ಶುದ್ಧಿ ಮಾಡಿರ್ತಾರೆ, ವಿಷವೆಲ್ಲ ಹೋಗಿರುತ್ತೆ’ ಅನ್ನುವುದು ಒಂದು. ‘ಗೋಮೂತ್ರದಲ್ಲಿ ನೆನೆಸಿದರೆ ವಿಷ ಹೋಗುತ್ತಾ, ಎಲ್ಲಾ ಸುಮ್ನೆ’ ಅನ್ನುವುದು ಇನ್ನೊಂದು. ನನಗೆ ಎರಡೂ ಅವಸರದ ಮಾತು ಅನ್ನಿಸುತ್ತದೆ. ಶುದ್ಧಿಯಿಂದ ನಂಜು ಕಡಿಮೆಯಾಗುತ್ತದೆ, ಅದನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದಾರೆ. ಆದರೆ ಪೂರ್ತಿ ಹೋಗುವುದಿಲ್ಲ, ಅದನ್ನೂ ಅಳೆದು ನೋಡಿದ್ದಾರೆ. ಉಳಿದ ಆ ಸ್ವಲ್ಪ ನಂಜೇ ದೇಹದ ಮೇಲೆ ಕೆಲಸ ಮಾಡುತ್ತದೆ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಎಷ್ಟು ಉಳಿದಿದೆ, ಅದು ಯಾರಿಗೆ ಗೊತ್ತು?

ಕಾಸರಕ ಕಾಡಿನ ಮರ. ಪಶ್ಚಿಮ ಘಟ್ಟದ ಕೆಳಗಿನ ಕಾಡುಗಳಲ್ಲಿ, ಕರಾವಳಿಯಲ್ಲಿ, ಎಲೆ ಉದುರುವ ಒಣ ಕಾಡುಗಳಲ್ಲಿ ಬೆಳೆಯುತ್ತದೆ. ಎಲೆ ದಪ್ಪ, ಹೊಳಪು. ಬುಡದಿಂದಲೇ ಮೂರರಿಂದ ಐದು ನರಗಳು ತುದಿಯ ಕಡೆಗೆ ಹರಿದಿರುತ್ತವೆ. ಹಣ್ಣು ಸಣ್ಣ ಕಿತ್ತಳೆಯಷ್ಟಿರುತ್ತದೆ, ಬಣ್ಣವೂ ಅದೇ. ನೋಡಿದರೆ ಕಿತ್ತು ತಿನ್ನೋಣ ಅನ್ನಿಸುವಷ್ಟು ಚೆಂದ. ದಾಂಡೇಲಿ ಕಡೆಯ ಮಂಗಟ್ಟೆ ಹಕ್ಕಿಗಳು ಈ ಹಣ್ಣು ತಿನ್ನುತ್ತವೆ. ಅವಕ್ಕೆ ಬೇಕಾದದ್ದು ತಿರುಳು, ಬೀಜವನ್ನು ಹಾಗೇ ಹೊರಗೆ ಹಾಕುತ್ತವೆ. ಹಕ್ಕಿ ತಿಂದಿದೆಯಲ್ಲಾ ಅಂತ ಮನುಷ್ಯ ತಿನ್ನಲು ಹೋಗಬಾರದು ಅಷ್ಟೇ.

ಬೀಜ ಚಪ್ಪಟೆ, ದುಂಡಗೆ, ಸುಮಾರು ಎರಡು ಸೆಂಟಿಮೀಟರ್ ಅಗಲ. ಬೂದು ಬಣ್ಣ. ಮೇಲೆ ರೇಷ್ಮೆಯಂಥ ನುಣ್ಣನೆ ಕೂದಲು ನಡುವಿನಿಂದ ಅಂಚಿನ ಕಡೆಗೆ ಒತ್ತಿ ಬಾಚಿದಂತೆ ಕೂತಿರುತ್ತದೆ. ಮುಟ್ಟಿದರೆ ಹಿತ, ಕುಟ್ಟಿದರೆ ಒಡೆಯುವುದಿಲ್ಲ. ಕೊಂಬಿನಷ್ಟು ಗಟ್ಟಿ. ಅಗಿಯದೆ ನುಂಗಿದ ಬೀಜ ಕೆಲವೊಮ್ಮೆ ಏನೂ ಮಾಡದೆ ಹೊರಗೆ ಹೋಗುವುದು ಈ ಗಟ್ಟಿತನದಿಂದಲೇ. ಪುಡಿ ಮಾಡಿದರೆ ಕಥೆ ಬೇರೆ. ಚೆನ್ನಾಗಿ ಪುಡಿಯಾದ ಒಂದೇ ಬೀಜ ದೊಡ್ಡವರ ಪ್ರಾಣ ತೆಗೆಯಬಹುದು ಎಂದು ನಮ್ಮ ಮೆಡಿಕಲ್ ಕಾಲೇಜುಗಳ ವಿಷಶಾಸ್ತ್ರದ ಪಾಠದಲ್ಲೇ ಹೇಳಿಕೊಡುತ್ತಾರೆ.

ಇದರೊಳಗೆ ಮುಖ್ಯವಾಗಿ ಎರಡು ಸಸ್ಯಕ್ಷಾರಗಳಿವೆ. ಒಂದು ಸ್ಟ್ರಿಕ್ನಿನ್, ಇನ್ನೊಂದು ಬ್ರೂಸಿನ್. ಎರಡೂ ವಿಪರೀತ ಕಹಿ. ಹತ್ತು ಲಕ್ಷ ಪಾಲು ನೀರಿನಲ್ಲಿ ಒಂದು ಪಾಲು ಸ್ಟ್ರಿಕ್ನಿನ್ ಇದ್ದರೂ ನಾಲಗೆಗೆ ಗೊತ್ತಾಗುತ್ತದೆ ಅನ್ನುತ್ತಾರೆ. ಬೀಜದ ತೂಕದಲ್ಲಿ ಸ್ಟ್ರಿಕ್ನಿನ್ ಪಾಲು ಸುಮಾರು ಶೇಕಡಾ 1.25ರಿಂದ 1.5. ಬ್ರೂಸಿನ್ ಕೂಡ ಹೆಚ್ಚುಕಡಿಮೆ ಅಷ್ಟೇ, ಆದರೆ ಅದರ ನಂಜು ತುಂಬಾ ಕಡಿಮೆ. ಸ್ಟ್ರಿಕ್ನಿನ್ ಅನ್ನು ಮೊದಲು ಬೇರ್ಪಡಿಸಿದವರು ಫ್ರಾನ್ಸಿನ ಪೆಲ್ಲೆಟಿಯೆ ಮತ್ತು ಕವಾಂತೂ, 1818ರಲ್ಲಿ. ಎರಡು ವರ್ಷದ ನಂತರ ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಬೇರ್ಪಡಿಸಿದ್ದೂ ಇದೇ ಜೋಡಿ. ಬರೀ 47 ಪರಮಾಣುಗಳ ಈ ಸ್ಟ್ರಿಕ್ನಿನ್ ಎಷ್ಟು ಜಟಿಲ ಅಂದರೆ, ಅದರ ರಚನೆ ಬಿಡಿಸಲು 1946ರ ತನಕ ಕಾಯಬೇಕಾಯಿತು. ಪ್ರಯೋಗಾಲಯದಲ್ಲಿ ಅದನ್ನು ಕಟ್ಟಿದ್ದು ಅಮೆರಿಕದ ರಸಾಯನವಿಜ್ಞಾನಿ ವುಡ್‌ವರ್ಡ್, 1954ರಲ್ಲಿ. ಮರ ಅದನ್ನು ಯಾವ ಗದ್ದಲವೂ ಇಲ್ಲದೆ ಮಾಡುತ್ತಲೇ ಇತ್ತು.

ಈಗ ಇದು ದೇಹದೊಳಗೆ ಏನು ಮಾಡುತ್ತದೆ ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಯಾಕೆಂದರೆ ನಂಜೂ ಔಷಧಿಯೂ ಒಂದೇ ಜಾಗದಲ್ಲಿ ಕೆಲಸ ಮಾಡುತ್ತವೆ.

ನೀವು ಮೊಣಕೈ ಮಡಚಿದಾಗ ತೋಳಿನ ಮುಂದಿನ ಸ್ನಾಯು ಬಿಗಿಯಾಗುತ್ತದೆ. ಅದೇ ಹೊತ್ತಿಗೆ ಹಿಂದಿನ ಸ್ನಾಯು ಸಡಿಲವಾಗಬೇಕು. ಎರಡೂ ಒಟ್ಟಿಗೆ ಬಿಗಿಯಾದರೆ ಕೈ ಅಲ್ಲಾಡುವುದೇ ಇಲ್ಲ. ‘ನೀನು ಸುಮ್ಮನಿರು’ ಎಂದು ಹಿಂದಿನ ಸ್ನಾಯುವಿಗೆ ಹೇಳುವ ಕೆಲಸ ನಡೆಯುವುದು ಬೆನ್ನುಹುರಿಯಲ್ಲಿ. ಅಲ್ಲಿ ಗ್ಲೈಸಿನ್ ಎಂಬ ಸಣ್ಣ ಅಮೈನೋ ಆಮ್ಲ ನರಕೋಶಗಳಿಗೆ ಬ್ರೇಕ್ ಹಾಕುತ್ತಿರುತ್ತದೆ. ಸ್ಟ್ರಿಕ್ನಿನ್ ಬಂದು ಗ್ಲೈಸಿನ್ ಕೂರಬೇಕಾದ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಬ್ರೇಕ್ ಹಿಡಿಯುವುದಿಲ್ಲ. ಆಗ ಯಾವ ಸಣ್ಣ ಸುದ್ದಿ ಬಂದರೂ, ಅಂದರೆ ಬಾಗಿಲು ಬಡಿದ ಸದ್ದು, ಕಣ್ಣಿಗೆ ಬಿದ್ದ ಬೆಳಕು, ಯಾರೋ ಕೈ ಮುಟ್ಟಿದ್ದು, ಇಡೀ ಮೈಯ ಸ್ನಾಯುಗಳೆಲ್ಲ ಒಮ್ಮೆಗೇ ಸೆಟೆದುಕೊಳ್ಳುತ್ತವೆ.

ಜಾಸ್ತಿ ಪ್ರಮಾಣ ಹೊಟ್ಟೆಗೆ ಹೋದರೆ ಹದಿನೈದರಿಂದ ಮೂವತ್ತು ನಿಮಿಷದಲ್ಲೇ ಶುರು. ಮೊದಲು ಚಡಪಡಿಕೆ, ಕುತ್ತಿಗೆ ಮತ್ತು ದವಡೆ ಬಿಗಿತ. ಆಮೇಲೆ ಸೆಳೆತ. ಬೆನ್ನಿನ ಸ್ನಾಯುಗಳಿಗೆ ಬಲ ಜಾಸ್ತಿ, ಹಾಗಾಗಿ ಮೈ ಹಿಂದಕ್ಕೆ ಬಾಗಿ ತಲೆ ಮತ್ತು ಹಿಮ್ಮಡಿ ಮಾತ್ರ ನೆಲಕ್ಕೆ ತಾಗುತ್ತವೆ. ಉಸಿರಾಟದ ಸ್ನಾಯುಗಳೂ ಸೆಟೆದು ಉಸಿರು ನಿಲ್ಲುತ್ತದೆ. ಇದರಲ್ಲಿ ತುಂಬಾ ಕ್ರೂರವಾದ ಸಂಗತಿ ಏನೆಂದರೆ, ಮಿದುಳಿಗೆ ಮಂಕು ಕವಿಯುವುದಿಲ್ಲ. ಅಪಸ್ಮಾರದ ಸೆಳೆತದಲ್ಲಿ ಸಾಮಾನ್ಯವಾಗಿ ಎಚ್ಚರ ತಪ್ಪುತ್ತದೆ. ಇಲ್ಲಿ ಮನುಷ್ಯನಿಗೆ ಎಲ್ಲವೂ ಗೊತ್ತಾಗುತ್ತಿರುತ್ತದೆ.

ಧನುರ್ವಾಯು ನೋಡಿದವರಿಗೆ ಈ ವರ್ಣನೆ ಪರಿಚಿತ ಅನ್ನಿಸಬಹುದು. ಕಾರಣ ಇದೆ. ಧನುರ್ವಾಯುವಿನ ರೋಗಾಣು ಬಿಡುವ ನಂಜು ಗ್ಲೈಸಿನ್ ಹೊರಗೆ ಬರದಂತೆ ತಡೆಯುತ್ತದೆ. ಸ್ಟ್ರಿಕ್ನಿನ್ ಬಂದ ಗ್ಲೈಸಿನ್‌ಗೆ ಜಾಗ ಕೊಡುವುದಿಲ್ಲ. ದಾರಿ ಬೇರೆ, ಸೇರುವ ಜಾಗ ಒಂದೇ.

ಈಗ ಇದೇ ಕ್ರಿಯೆಯನ್ನು ತುಂಬಾ ಸಣ್ಣ ಪ್ರಮಾಣದಲ್ಲಿ ಊಹಿಸಿ. ಸೆಳೆತ ಬರುವಷ್ಟಿಲ್ಲ, ನರಗಳು ಸ್ವಲ್ಪ ಚುರುಕಾಗುವಷ್ಟು. ಸೋತ ಸ್ನಾಯುವಿಗೆ ಬಿಗಿ ಬಂದಂತೆ, ಮೈಗೆ ಕಸುವು ಬಂದಂತೆ ಅನ್ನಿಸಬಹುದು. ಆ ಕಹಿಗೆ ಬಾಯಲ್ಲಿ ನೀರೂರಿ ಹಸಿವಾಗುತ್ತದೆ. ಆಯುರ್ವೇದ ಇದನ್ನು ಮಂದಾಗ್ನಿಗೆ, ವಾತದ ನೋವಿಗೆ, ಪಾರ್ಶ್ವವಾಯುವಿನಂಥ ತೊಂದರೆಗೆ ಬಳಸಿದ್ದು ಈ ಗುಣಗಳನ್ನು ನೋಡಿಯೇ. ಯುರೋಪಿನವರೂ ಇದನ್ನೇ ಮಾಡಿದರು. ಕಬ್ಬಿಣ, ಕ್ವಿನೈನ್, ಸ್ಟ್ರಿಕ್ನಿನ್ ಮೂರೂ ಸೇರಿದ ‘ಈಸ್ಟನ್ಸ್ ಸಿರಪ್’ ಇಂಗ್ಲಿಷರ ಮನೆಗಳಲ್ಲಿ ನಿಶ್ಶಕ್ತಿಗೆ ಕುಡಿಯುವ ಟಾನಿಕ್ ಆಗಿತ್ತು.

1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ಕಥೆಯಂತೂ ಹೇಳಲೇಬೇಕು. ಥಾಮಸ್ ಹಿಕ್ಸ್ ಎಂಬ ಓಟಗಾರ ಸೆಕೆಗೆ ಬಳಲಿ ಬೀಳುವಂತಾಗಿದ್ದ. ಅವನ ಜೊತೆಗಿದ್ದವರು ಮೊಟ್ಟೆಯ ಬಿಳಿಯಲ್ಲಿ ಒಂದು ಗ್ರೇನ್‌ನ ಅರವತ್ತನೇ ಒಂದು ಭಾಗ, ಅಂದರೆ ಸುಮಾರು ಒಂದು ಮಿಲಿಗ್ರಾಂ ಸ್ಟ್ರಿಕ್ನಿನ್ ಕಲಸಿ ಕೊಟ್ಟರು. ಮುಂದೆ ಬ್ರಾಂಡಿಯ ಜೊತೆ ಇನ್ನೊಂದು ಸಲ. ಮೊದಲು ಗುರಿ ಮುಟ್ಟಿದವನು ದಾರಿಯಲ್ಲಿ ಕಾರು ಹತ್ತಿದ್ದ ಎಂದು ಗೊತ್ತಾಗಿ ಹಿಕ್ಸ್‌ಗೆ ಚಿನ್ನ ಬಂತು. ಅವನು ನಡೆದು ಪದಕ ತೆಗೆದುಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ, ಅದು ಬೇರೆ ವಿಷಯ. ಇನ್ನೊಂದು ಡೋಸ್ ಬಿದ್ದಿದ್ದರೆ ಏನಾಗುತ್ತಿತ್ತೋ. ಆಗ ಇದು ತಪ್ಪಾಗಿರಲಿಲ್ಲ. ಇವತ್ತು ಸ್ಟ್ರಿಕ್ನಿನ್ ನಿಷೇಧಿತ ಉತ್ತೇಜಕಗಳ ಪಟ್ಟಿಯಲ್ಲಿದೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಕಿರ್ಗಿಸ್ತಾನದ ಭಾರ ಎತ್ತುವ ಪಟು ಇಜ್ಜತ್ ಆರ್ತಿಕೋವ್ ಇದೇ ಕಾರಣಕ್ಕೆ ಕಂಚು ಕಳೆದುಕೊಂಡ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೋ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲೋ ತರಬೇತಿ ಪಡೆಯುವ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ನೆನಪಿಡಬೇಕು. ‘ಆಯುರ್ವೇದ ತಾನೇ’ ಎಂದು ಕೊಟ್ಟ ಜೀರ್ಣದ ಗುಳಿಗೆ ಡೋಪಿಂಗ್ ಪರೀಕ್ಷೆಯಲ್ಲಿ ಆ ಹೆಸರಿನಲ್ಲಿ ಕಾಣುವುದಿಲ್ಲ, ಸ್ಟ್ರಿಕ್ನಿನ್ ಎಂದೇ ಕಾಣುತ್ತದೆ.

ಇನ್ನು ಶುದ್ಧಿಯ ವಿಷಯ. ಲೋಹ, ಪಾದರಸ, ವಿಷದ್ರವ್ಯಗಳಿಂದ ಔಷಧಿ ಮಾಡುವ ಆಯುರ್ವೇದದ ವಿಭಾಗ ರಸಶಾಸ್ತ್ರ. ಅದರಲ್ಲಿ ಕಾಸರಕವನ್ನು ಉಪವಿಷಗಳ, ಅಂದರೆ ಎರಡನೇ ದರ್ಜೆಯ ವಿಷಗಳ ಗುಂಪಿಗೆ ಸೇರಿಸಿದ್ದಾರೆ. ಅಲ್ಲಿ ಇದರ ಜೊತೆಗಿರುವವರ ಹೆಸರು ಕೇಳಿದರೆ ಬೆಂಗಳೂರಿನ ಬೀದಿಯೇ ಕಣ್ಣಿಗೆ ಬರುತ್ತದೆ. ಖಾಲಿ ಸೈಟಿನಲ್ಲಿ ಬೆಳೆಯುವ ದತ್ತೂರಿ. ಗಾಂಧಿ ಬಜಾರಿನಲ್ಲಿ ಹಾರವಾಗಿ ಮಾರಾಟವಾಗುವ ಎಕ್ಕ. ರಸ್ತೆ ನಡುವಿನ ಡಿವೈಡರ್‌ನಲ್ಲಿ ಸಾಲಾಗಿ ನೆಟ್ಟ ಕಣಗಿಲೆ. ಗುಲಗಂಜಿ. ಇವುಗಳಲ್ಲಿ ಯಾವುದನ್ನೂ ಹಸಿಯಾಗಿ ಔಷಧಿಗೆ ಹಾಕಬಾರದು, ಮೊದಲು ಶೋಧನೆ, ಅಂದರೆ ಶುದ್ಧಿ ಆಗಬೇಕು ಎನ್ನುವುದು ನಿಯಮ. ತೀಕ್ಷ್ಣ ವಿಷವೂ ಸರಿಯಾಗಿ ಬಳಸಿದರೆ ಒಳ್ಳೆಯ ಔಷಧಿಯಾಗುತ್ತದೆ, ಔಷಧಿಯೂ ತಪ್ಪಾಗಿ ಬಳಸಿದರೆ ವಿಷವಾಗುತ್ತದೆ ಎಂದು ಚರಕಸಂಹಿತೆ ಹೇಳುತ್ತದೆ. ವೈದ್ಯರು ಇದರ ಮೊದಲ ಅರ್ಧವನ್ನು ಜಾಸ್ತಿ ಹೇಳುತ್ತಾರೆ. ನನಗೆ ಎರಡನೆಯ ಅರ್ಧ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಕಾಸರಕಕ್ಕೆ ಹೆಚ್ಚು ಬಳಕೆಯಲ್ಲಿರುವ ಕ್ರಮ ಹೀಗಿದೆ. ಬೀಜಗಳನ್ನು ಏಳು ದಿನ ಗೋಮೂತ್ರದಲ್ಲಿ ನೆನೆಸುತ್ತಾರೆ. ದಿನಾ ಹಳೆಯದನ್ನು ಚೆಲ್ಲಿ ಹೊಸದು ಹಾಕಬೇಕು. ಆಮೇಲೆ ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಗಂಟು ಕಟ್ಟುತ್ತಾರೆ. ಪಾತ್ರೆಯ ಬಾಯಿಗೆ ಅಡ್ಡ ಕೋಲಿಟ್ಟು, ಗಂಟನ್ನು ಹಸುವಿನ ಹಾಲಿನಲ್ಲಿ ಮುಳುಗುವಂತೆ ಇಳಿಬಿಡುತ್ತಾರೆ. ಗಂಟು ಪಾತ್ರೆಯ ತಳ ಮುಟ್ಟಬಾರದು. ಇದಕ್ಕೆ ದೋಲಾಯಂತ್ರ ಎಂದು ಹೆಸರು. ಸುಮಾರು ಮೂರು ಗಂಟೆ ಬೇಯಿಸಿ, ಮೆತ್ತಗಾದ ಬೀಜದ ಸಿಪ್ಪೆ ಸುಲಿದು, ಎರಡು ಹೋಳಿನ ನಡುವಿನ ಮೊಳಕೆ ತೆಗೆದು, ಹೋಳುಗಳನ್ನು ತುಪ್ಪದಲ್ಲಿ ಹುರಿದು, ಪುಡಿ ಮಾಡುತ್ತಾರೆ. ಬರೀ ತುಪ್ಪದಲ್ಲಿ ಹುರಿಯುವವರಿದ್ದಾರೆ. ಹುಳಿ ಕಾಂಜಿಯಲ್ಲಿ ನೆನೆಸುವವರೂ ಇದ್ದಾರೆ.

ಗೋಮೂತ್ರ ಎಂದ ಕೂಡಲೇ ಭಕ್ತಿಯೋ ಅಸಹ್ಯವೋ ಬೇಡ. ಅಲ್ಲಿ ನಡೆಯುವುದೇನು ಎಂದು ನೋಡೋಣ. ಕೊಂಬಿನಷ್ಟು ಗಟ್ಟಿಯಾದ ಬೀಜ ಏಳು ದಿನ ದ್ರವದಲ್ಲಿದ್ದರೆ ಊದಿಕೊಂಡು ಮೆತ್ತಗಾಗುತ್ತದೆ. ಒಳಗಿನ ಸಸ್ಯಕ್ಷಾರಗಳು ಸ್ವಲ್ಪ ಸ್ವಲ್ಪವೇ ಹೊರಗಿನ ದ್ರವಕ್ಕೆ ಇಳಿಯುತ್ತವೆ. ದಿನಾ ದ್ರವ ಬದಲಿಸುವುದಕ್ಕೆ ಕಾರಣ ಇದೇ. ಇಳಿದು ಬಂದದ್ದನ್ನು ಚೆಲ್ಲದಿದ್ದರೆ ಮತ್ತಷ್ಟು ಇಳಿಯಲು ಅವಕಾಶ ಇರುವುದಿಲ್ಲ. ಮುಂದೆ ಹಾಲು. ಸ್ಟ್ರಿಕ್ನಿನ್ ನೀರಿನಲ್ಲಿ ಕಷ್ಟಪಟ್ಟು ಕರಗುತ್ತದೆ. ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಇರುವುದರಿಂದ ಅದನ್ನು ಎಳೆದುಕೊಳ್ಳಲು ಅನುಕೂಲ. ಬೇಯಿಸಿದ ಮೇಲೆ ಹಾಲನ್ನು ಪರೀಕ್ಷಿಸಿದರೆ ಅದರಲ್ಲಿ ಸಸ್ಯಕ್ಷಾರ ಸಿಗುತ್ತದೆ. ಅಂದರೆ ನಂಜಿನ ಒಂದು ಪಾಲು ಮಾಯವಾಗಿಲ್ಲ, ಹಾಲಿಗೆ ಜಾಗ ಬದಲಿಸಿದೆ. ಆ ಹಾಲನ್ನು ಬೆಕ್ಕಿಗೂ ಹಾಕಬಾರದು.

ಇನ್ನೊಂದು ಪಾಲು ರೂಪವನ್ನೇ ಬದಲಿಸುತ್ತದೆ. ಬಿಸಿ ಮತ್ತು ಗಾಳಿಯ ಸಂಪರ್ಕದಿಂದ ಸ್ವಲ್ಪ ಸ್ಟ್ರಿಕ್ನಿನ್ ಐಸೋಸ್ಟ್ರಿಕ್ನಿನ್ ಆಗಿ, ಸ್ವಲ್ಪ ಎನ್-ಆಕ್ಸೈಡ್ ಆಗಿ ಮಾರ್ಪಡುತ್ತದೆ. ಬ್ರೂಸಿನ್ ಕೂಡ ಹಾಗೇ. ಈ ಮಾರ್ಪಟ್ಟ ರೂಪಗಳ ನಂಜು ಮೂಲಕ್ಕಿಂತ ಕಡಿಮೆ. ಚೀನಾದ ಸಾಂಪ್ರದಾಯಿಕ ವೈದ್ಯರು ಇದೇ ಬೀಜವನ್ನು ಬಿಸಿ ಮರಳಿನಲ್ಲಿ ಹುರಿಯುತ್ತಾರೆ. ಅಲ್ಲಿ ಗೋಮೂತ್ರವೂ ಇಲ್ಲ, ಹಾಲೂ ಇಲ್ಲ. ಶಾಖವೇ ಪ್ರಧಾನ. ಎರಡು ದೇಶದವರು ಬೇರೆ ಬೇರೆ ದಾರಿಯಲ್ಲಿ ಹೋಗಿ, ಈ ಬೀಜವನ್ನು ಹಸಿಯಾಗಿ ಕೊಡಬಾರದು ಎಂಬ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ಎಷ್ಟು ಜನ ರೋಗಿಗಳ ಮೇಲೆ ಈ ಪಾಠ ಕಲಿತರೋ, ಅದನ್ನು ಯಾರೂ ಬರೆದಿಟ್ಟಿಲ್ಲ.

ಇಲ್ಲೇ ವತ್ಸನಾಭಿಯ ಮಾತೂ ಬರಬೇಕು. ಬಚನಾಗ ಅಂತಲೂ ಹೆಸರು. ಹಿಮಾಲಯದ ಗಿಡ, ಅದರ ಗೆಡ್ಡೆ ಜ್ವರದ ಹಲವು ಗುಳಿಗೆಗಳಲ್ಲಿದೆ. ತ್ರಿಭುವನಕೀರ್ತಿ ರಸ ಅದರಲ್ಲೊಂದು. ಅದರ ನಂಜು ಅಕೋನಿಟೈನ್. ಎರಡು ಮಿಲಿಗ್ರಾಂನಷ್ಟು ಅಕೋನಿಟೈನ್ ಹೃದಯದ ಲಯ ಕೆಡಿಸಿ ಕೊಲ್ಲಬಹುದು. ಲೆಕ್ಕದಲ್ಲಿ ಅದು ಸ್ಟ್ರಿಕ್ನಿನ್‌ಗಿಂತ ಎಷ್ಟೋ ಭಯಂಕರ. ಆದರೆ ಅದಕ್ಕೊಂದು ದೌರ್ಬಲ್ಯ ಇದೆ. ನೀರಿನಲ್ಲೋ ಹಾಲಿನಲ್ಲೋ ಬಹಳ ಹೊತ್ತು ಕುದಿಸಿದರೆ ಅಕೋನಿಟೈನ್ ಮುರಿಯುತ್ತದೆ. ಮೊದಲು ಬೆಂಜಾಯ್ಲ್ ಅಕೋನಿನ್, ಆಮೇಲೆ ಅಕೋನಿನ್ ಆಗುತ್ತದೆ. ಮೊದಲ ಹಂತದಲ್ಲೇ ನಂಜು ನೂರಾರು ಪಟ್ಟು ಇಳಿಯುತ್ತದೆ, ಎರಡನೆಯದರಲ್ಲಿ ಇನ್ನಷ್ಟು. ಸ್ಟ್ರಿಕ್ನಿನ್ ಹಾಗಲ್ಲ, ಅದು ಗಟ್ಟಿ ಕುಳ. ಹಾಲಿನ ಕುದಿಗೆ ಸುಲಭವಾಗಿ ಮುರಿಯುವುದಿಲ್ಲ, ಹೆಚ್ಚಿನ ಪಾಲನ್ನು ಹೊರಗೆ ಎಳೆದೇ ತೆಗೆಯಬೇಕು. ಗ್ರಂಥದಲ್ಲಿ ಎರಡಕ್ಕೂ ‘ಶೋಧನೆ’ ಎಂದೇ ಬರೆದಿದ್ದರೂ ಪಾತ್ರೆಯೊಳಗೆ ನಡೆಯುವುದು ಎರಡು ಬೇರೆ ಕೆಲಸ. ಒಂದಕ್ಕೆ ಕುದಿಸುವ ಹೊತ್ತು ಮುಖ್ಯ. ಇನ್ನೊಂದಕ್ಕೆ ನೆನೆಸುವುದು, ದ್ರವ ಬದಲಿಸುವುದು, ಸಿಪ್ಪೆ ತೆಗೆಯುವುದು, ಹುರಿಯುವುದು ಎಲ್ಲವೂ ಮುಖ್ಯ. ಎರಡರಲ್ಲೂ ಅವಸರ ಮಾಡಿದರೆ ನಂಜು ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಪುಡಿಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಲೆಕ್ಕ ಹಾಕದೆ ಈ ಬೀಜದ ಬಗ್ಗೆ ಮಾತಾಡುವುದು ಅಪಾಯ. ಆಯುರ್ವೇದದ ಅಧಿಕೃತ ಫಾರ್ಮಕೋಪಿಯಾ, ಅಂದರೆ ಔಷಧಿಗಳ ಗುಣಮಟ್ಟ ಮತ್ತು ಪ್ರಮಾಣ ಹೇಳುವ ಸರ್ಕಾರಿ ಗ್ರಂಥ, ಹೇಳುವ ಪ್ರಮಾಣ, ಶುದ್ಧ ಮಾಡಿದ ಪುಡಿ 60ರಿಂದ 125 ಮಿಲಿಗ್ರಾಂ. ಒಂದು ಕ್ಷಣ ಶುದ್ಧಿಯೇ ಆಗಿಲ್ಲ ಎಂದುಕೊಳ್ಳಿ. 125 ಮಿಲಿಗ್ರಾಂ ಹಸಿ ಬೀಜದ ಪುಡಿಯಲ್ಲಿ ಶೇಕಡಾ 1.25ರಂತೆ ಸ್ಟ್ರಿಕ್ನಿನ್ ಸುಮಾರು 1.6 ಮಿಲಿಗ್ರಾಂ. ದೊಡ್ಡವರಿಗೆ ಪ್ರಾಣಾಪಾಯ ಎಂದು ಸಾಮಾನ್ಯವಾಗಿ ಹೇಳುವುದು 30ರಿಂದ 120 ಮಿಲಿಗ್ರಾಂ. ಅದಕ್ಕಿಂತ ಕಡಿಮೆಯಲ್ಲಿ ಸತ್ತವರೂ ಇದ್ದಾರೆ. ಹಾಗಾಗಿ ಹೇಳಿದ ಪ್ರಮಾಣದಲ್ಲಿ, ಹೇಳಿದ ಗುಳಿಗೆಯನ್ನು ನುಂಗಿದವರು ಅಲ್ಲೇ ಕುಸಿಯುವುದಿಲ್ಲ. ಶುದ್ಧಿಯಾಗಿದ್ದರೆ ಅಂತರ ಇನ್ನೂ ದೊಡ್ಡದು. ಇದು ನೆಮ್ಮದಿಯ ಮಾತು.

ನೆಮ್ಮದಿ ಕೆಡಿಸುವ ಮಾತು ಏನೆಂದರೆ, ಅಡುಗೆಮನೆಯ ಚಮಚ ಮಿಲಿಗ್ರಾಂ ಲೆಕ್ಕ ನೋಡುವುದಿಲ್ಲ. ಒಂದು ಟೀ ಚಮಚ ಪುಡಿ ಎರಡೂವರೆ ಗ್ರಾಂ ತೂಗಿದರೆ, ಹಸಿ ಬೀಜದ ಪುಡಿಯಾದ ಪಕ್ಷದಲ್ಲಿ ಅದರಲ್ಲಿ 31 ಮಿಲಿಗ್ರಾಂ ಸ್ಟ್ರಿಕ್ನಿನ್ ಇರುತ್ತದೆ. ಸಾವಿನ ಲೆಕ್ಕ ಶುರುವಾಗುವುದೇ ಅಲ್ಲಿಂದ. ತ್ರಿಫಲಾ ಪುಡಿಯನ್ನು ಒಂದು ಚಮಚದ ಬದಲು ಎರಡು ಚಮಚ ತಿಂದರೆ ಶೌಚಾಲಯಕ್ಕೆ ಓಡಬೇಕಾಗುತ್ತದೆ, ಅಷ್ಟೇ. ಇಲ್ಲಿ ಒಂದೇ ಚಮಚ ಸಾಕು. ಅವೆನ್ಯೂ ರಸ್ತೆ, ಚಿಕ್ಕಪೇಟೆ ಸುತ್ತಲಿನ ಗ್ರಂಧಿಗೆ ಅಂಗಡಿಗಳಲ್ಲಿ ಒಣ ಬೇರು, ಕಾಯಿ, ತೊಗಟೆ ಎಲ್ಲಾ ಪೊಟ್ಟಣದಲ್ಲಿ ಸಿಗುತ್ತವೆ. ಅಶ್ವಗಂಧ, ಅತಿಮಧುರ ತಂದು ಮನೆಯಲ್ಲಿ ಪುಡಿ ಮಾಡಿ. ಈ ಬೀಜವನ್ನು ಮಾತ್ರ ಮನೆಗೆ ತರಬೇಡಿ. ಯೂಟ್ಯೂಬ್ ನೋಡಿ ಶೋಧನೆ ಮಾಡಲು ಕೂರುವುದಂತೂ ಬೇಡವೇ ಬೇಡ.

ಇನ್ನೊಂದು ವಿಷಯ, ಸ್ಟ್ರಿಕ್ನಿನ್ ದೇಹದಿಂದ ಕೂಡಲೇ ಹೋಗುವುದಿಲ್ಲ. ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 10ರಿಂದ 16 ಗಂಟೆ ಬೇಕು. ದಿನಕ್ಕೆ ಎರಡು ಗುಳಿಗೆ ಹೇಳಿದ್ದನ್ನು ನೋವು ಜಾಸ್ತಿ ಇದೆ ಎಂದು ನಾಲ್ಕು ಮಾಡಿಕೊಂಡರೆ, ಹಿಂದಿನದು ಇಳಿಯುವ ಮೊದಲೇ ಮುಂದಿನದು ಸೇರುತ್ತದೆ. ಎರಡು ಬೇರೆ ಹೆಸರಿನ ಗುಳಿಗೆಗಳಲ್ಲಿ ಒಂದೇ ಬೀಜ ಇರುವ ಸಾಧ್ಯತೆಯೂ ಇದೆ. ಅಗ್ನಿತುಂಡಿ ವಟಿಯಲ್ಲಿ ಉಳಿದೆಲ್ಲ ಪದಾರ್ಥಗಳ ಒಟ್ಟು ತೂಕದಷ್ಟು ವಿಷಮುಷ್ಟಿಯೊಂದೇ ಇರುತ್ತದೆ. ಅಂದರೆ ಗುಳಿಗೆಯಲ್ಲಿ ಸುಮಾರು ಅರ್ಧ ಭಾಗ. ಜೊತೆಗೆ ವತ್ಸನಾಭಿಯೂ ಇದೆ, ಪಾದರಸವೂ ಇದೆ. ಒಬ್ಬ ವೈದ್ಯರು ಅಜೀರ್ಣಕ್ಕೆ ಇದನ್ನು ಕೊಟ್ಟು, ಇನ್ನೊಬ್ಬರು ನರದ ನೋವಿಗೆ ವಿಷತಿಂದುಕ ವಟಿ ಕೊಟ್ಟರೆ, ಎರಡೂ ಒಂದೇ ಕಡೆಗೆ ಸೇರುತ್ತವೆ. ಒಬ್ಬರಿಗೆ ಇನ್ನೊಬ್ಬರ ಚೀಟಿ ತೋರಿಸುವ ಅಭ್ಯಾಸ ನಮ್ಮಲ್ಲಿ ಕಡಿಮೆ, ಅಲ್ವಾ?

ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ? ಈ ಪ್ರಶ್ನೆಗೆ ನನ್ನ ಉತ್ತರ ಯಾರಿಗೂ ಪೂರ್ತಿ ಸಮಾಧಾನ ಕೊಡುವುದಿಲ್ಲ. ದೇಹದ ಮೇಲೆ ಪರಿಣಾಮ ಇದೆ, ಅನುಮಾನವಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಬ್ರೂಸಿನ್ ನೋವು, ಊತ ಕಡಿಮೆ ಮಾಡಿದ್ದಿದೆ. ಆದರೆ ಸೊಂಟನೋವಿಗೋ ಪಾರ್ಶ್ವವಾಯುವಿಗೋ ಇದು ಬೇರೆ ಔಷಧಿಗಿಂತ ಒಳ್ಳೆಯದು ಎಂದು ತೋರಿಸುವ ದೊಡ್ಡ, ಗಟ್ಟಿಯಾದ ಮಾನವ ಪ್ರಯೋಗಗಳು ನಮ್ಮ ಮುಂದಿಲ್ಲ. ಪಾಶ್ಚಾತ್ಯ ವೈದ್ಯರು ಒಂದು ಶತಮಾನಕ್ಕೂ ಹೆಚ್ಚು ಕಾಲ ಸ್ಟ್ರಿಕ್ನಿನ್ ಟಾನಿಕ್ ಕೊಟ್ಟು, ಲಾಭಕ್ಕಿಂತ ಅಪಾಯವೇ ಜಾಸ್ತಿ ಎಂದು ಕೈಬಿಟ್ಟರು. ಮೈಯಲ್ಲಿ ಗ್ಲೈಸಿನ್ ವಿಪರೀತ ಸೇರಿಕೊಂಡು ಹುಟ್ಟುವ ಶಿಶುಗಳ ಒಂದು ಅಪರೂಪದ ಕಾಯಿಲೆಗೆ 1970ರ ದಶಕದಲ್ಲಿ ಇದನ್ನು ಪ್ರಯತ್ನಿಸಿದರು. ತರ್ಕ ಸರಿಯಾಗಿಯೇ ಇತ್ತು, ಫಲ ಹೇಳಿಕೊಳ್ಳುವಷ್ಟು ಬರಲಿಲ್ಲ. ಆಯುರ್ವೇದದ ಶುದ್ಧ ಕುಪೀಲು ಬರೀ ಸ್ಟ್ರಿಕ್ನಿನ್ ಅಲ್ಲ, ಅದು ಒಂದು ಮಿಶ್ರಣ ಎಂದು ವೈದ್ಯರು ಹೇಳುವುದು ಸರಿ. ಆದರೆ ಆ ಮಾತು ನಿಲ್ಲಬೇಕಾದರೆ ಪ್ರತಿ ಬ್ಯಾಚಿನಲ್ಲಿ ಆ ಮಿಶ್ರಣ ಎಷ್ಟಿದೆ ಎಂದು ಅಳೆದು ತೋರಿಸಬೇಕು. ಅಳೆಯುವ ಯಂತ್ರ ಈ ಊರಿನಲ್ಲಿ ಬೇಕಾದಷ್ಟಿದೆ.

ಕಾನೂನು ಇದನ್ನು ಮರೆತಿಲ್ಲ. 1945ರ ಡ್ರಗ್ಸ್ ಮತ್ತು ಕಾಸ್ಮೆಟಿಕ್ಸ್ ನಿಯಮಗಳಲ್ಲಿ ಶೆಡ್ಯೂಲ್ ಇ(1) ಎಂಬ ಪಟ್ಟಿ ಇದೆ. ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ವಿಷದ್ರವ್ಯಗಳೆಲ್ಲ ಅದರಲ್ಲಿವೆ. ವಿಷಮುಷ್ಟಿ, ವತ್ಸನಾಭಿ, ದತ್ತೂರಿ, ಗುಲಗಂಜಿ, ಎಕ್ಕ, ಕಣಗಿಲೆ, ಪಾದರಸ, ಹಾವಿನ ವಿಷ ಕೂಡ. ಇವು ಸೇರಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯ ಡಬ್ಬಿ ಮೇಲೆ ‘ಎಚ್ಚರಿಕೆ, ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕು’ ಎಂಬರ್ಥದ ಸಾಲು ಕಡ್ಡಾಯ. ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಇರಬೇಕೆಂದು ನಿಯಮ ಕೇಳುವುದಿಲ್ಲ. ಬಸವನಗುಡಿಯ ಅಜ್ಜಿಯೊಬ್ಬರು ಕನ್ನಡ ಪೇಪರನ್ನು ಕನ್ನಡಕವಿಲ್ಲದೆ ಓದಬಲ್ಲರು, ಆದರೆ ಅವರ ಗುಳಿಗೆಯ ಎಚ್ಚರಿಕೆ ಮಾತ್ರ ಅವರಿಗೆ ಬಾರದ ಭಾಷೆಯಲ್ಲಿರುತ್ತದೆ. ಇದಕ್ಕೆ ಯಾವ ವೈದ್ಯಶಾಸ್ತ್ರವೂ ಅಡ್ಡ ಬಂದಿಲ್ಲ, ಮನಸ್ಸು ಮಾಡಿದರೆ ಸರಿಪಡಿಸಬಹುದು.

ಮಾರಾಟದ ವಿಷಯವೂ ಸಡಿಲ. ಆಯುರ್ವೇದ ಔಷಧಿ ತಯಾರಿಸಲು ಲೈಸೆನ್ಸ್ ಬೇಕು. ಮಾರಲು ಇಂಗ್ಲಿಷ್ ಮೆಡಿಕಲ್ ಶಾಪಿನಂತೆ ಡ್ರಗ್ ಲೈಸೆನ್ಸ್ ಬೇಕಿಲ್ಲ. ಆನ್‌ಲೈನ್ ಮಾರಾಟ ಜಾಸ್ತಿಯಾದ ಮೇಲೆ, 2022ರ ಫೆಬ್ರವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಒಂದು ಸೂಚನೆ ಹೊರಡಿಸಿತು. ಶೆಡ್ಯೂಲ್ ಇ(1) ಪದಾರ್ಥ ಇರುವ ಔಷಧಿಯನ್ನು, ನೋಂದಾಯಿತ ವೈದ್ಯರ ಚೀಟಿ ಅಪ್‌ಲೋಡ್ ಮಾಡಿದವರಿಗೆ ಮಾತ್ರ ಮಾರಬೇಕು ಎಂದು. ಮುಂದಿನ ಸಲ ಆರ್ಡರ್ ಮಾಡುವಾಗ ಆ್ಯಪ್ ನಿಮ್ಮನ್ನು ಚೀಟಿ ಕೇಳುತ್ತದಾ ಅಂತ ನೀವೇ ನೋಡಿ.

ಗುಳಿಗೆ ಬರೆದುಕೊಟ್ಟ ವೈದ್ಯರನ್ನು ಪ್ರಶ್ನೆ ಕೇಳಲು ಸಂಕೋಚ ಬೇಡ. ‘ಡಾಕ್ಟ್ರೇ, ಇದರಲ್ಲಿ ಕುಪೀಲು ಇದೆಯಾ? ಎಷ್ಟು ದಿನ ತಗೋಬೇಕು, ಯಾವಾಗ ನಿಲ್ಲಿಸಬೇಕು?’ ಒಳ್ಳೆಯ ವೈದ್ಯರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬಸುರಿಯರು, ಹಾಲೂಡಿಸುವವರು, ಫಿಟ್ಸ್ ಇರುವವರು ಮೊದಲೇ ಅದನ್ನು ಹೇಳಬೇಕು. ಲಿವರ್ ಅಥವಾ ಕಿಡ್ನಿ ತೊಂದರೆ ಇದ್ದರೂ ಅಷ್ಟೇ. ಗುಳಿಗೆ ಶುರು ಮಾಡಿದ ಮೇಲೆ ದವಡೆ ಬಿಗಿ, ಮೈ ಅದುರು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ನೋಡಬೇಕು. ಹೋಮಿಯೋಪಥಿಯ ನಕ್ಸ್ ವಾಮಿಕಾ ಕೂಡ ಇದೇ ಬೀಜದ ಹೆಸರು. ಆದರೆ ಅಲ್ಲಿ ಸಾಮಾನ್ಯವಾಗಿ ಅದನ್ನು ಎಷ್ಟು ತೆಳು ಮಾಡಿರುತ್ತಾರೆ ಅಂದರೆ ಈ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಕಾಸರಕದ ನಂಜು ಏರುವ ಇನ್ನೊಂದು ಸಂದರ್ಭ ಇದೆ. ಅದಕ್ಕೂ ಗುಳಿಗೆಗೂ ಸಂಬಂಧ ಇಲ್ಲ. ಬೆಂಗಳೂರಿನಲ್ಲಿ ನೆಲೆಸಿದ ಕರಾವಳಿಯವರಿಗೆ ಇದು ಗೊತ್ತಿರಲೇಬೇಕು. ಆಟಿ ಅಮಾವಾಸ್ಯೆಯ ಬೆಳಗ್ಗೆ ತುಳುನಾಡಿನಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು ಪದ್ಧತಿ. ಜೊತೆಗೆ ಕಾಳುಮೆಣಸು, ಬೆಳ್ಳುಳ್ಳಿ, ಓಮ. ಕುಡಿದ ಮೇಲೆ ಮೆಂತ್ಯೆ ಗಂಜಿ. ಪದ್ಧತಿ ಚೆಂದವೇ. ಅಪಾಯ ಇರುವುದು ಆ ಕತ್ತಲಲ್ಲಿ. ಹಾಲೆ ಎಂದು ಕಾಸರಕದ ತೊಗಟೆ ತಂದು ಕುಡಿದು ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಕಾಸರಕದ ತೊಗಟೆಯಲ್ಲೂ ಇದೇ ನಂಜುಗಳಿವೆ. ಎರಡೂ ಕಹಿ, ಹಾಗಾಗಿ ನಾಲಗೆಯೂ ಎಚ್ಚರಿಸುವುದಿಲ್ಲ. ಕಹಿಯಾದಷ್ಟೂ ಒಳ್ಳೆಯದು ಎಂದು ಮೂಗು ಹಿಡಿದು ಕುಡಿಯುವವರೇ ಹೆಚ್ಚು. ಊರಿನಿಂದ ಬಸ್ಸಿನಲ್ಲಿ ಪೊಟ್ಟಣ ಕಟ್ಟಿಸಿ ತರಿಸಿಕೊಳ್ಳುವ ಬೆಂಗಳೂರಿನವರಿಗಂತೂ ಮರವನ್ನು ಕಣ್ಣಾರೆ ನೋಡುವ ಅವಕಾಶವೂ ಇಲ್ಲ.

ಹಗಲಲ್ಲಿ ಗುರುತು ಹಿಡಿಯುವುದು ಕಷ್ಟವಲ್ಲ. ಹಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಐದರಿಂದ ಏಳರವರೆಗೆ ವೃತ್ತವಾಗಿ ಕೂತಿರುತ್ತವೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡೇ. ಹಾಲೆಯ ತೊಗಟೆ ಕೆತ್ತಿದರೆ ಬಿಳಿ ಹಾಲು ಸುರಿಯುತ್ತದೆ, ಕಾಸರಕಕ್ಕೆ ಹಾಲಿಲ್ಲ. ಮರವನ್ನು ಹಿಂದಿನ ದಿನವೇ ಬೆಳಕಿನಲ್ಲಿ ನೋಡಿ, ಬಲ್ಲವರಿಂದ ಖಾತ್ರಿ ಮಾಡಿಕೊಂಡು, ಗುರುತು ಹಾಕಿ ಬಂದರೆ ಪದ್ಧತಿಗೂ ಭಂಗ ಇಲ್ಲ. ಒಣಗಿದ ತೊಗಟೆಯ ತುಂಡು ಮಾತ್ರ ಕೈಗೆ ಬಂದಿದೆ, ಯಾವ ಮರದ್ದೋ ಗೊತ್ತಿಲ್ಲ ಅಂದರೆ ಆ ವರ್ಷ ಗಂಜಿ ಮಾತ್ರ ಕುಡಿಯಿರಿ.

ತೊಗಟೆಯಿಂದಲೋ ಬೀಜದಿಂದಲೋ ನಂಜು ಏರಿದ ಅನುಮಾನ ಬಂದರೆ ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆ ಒದ್ದಾಟವೇ ಸೆಳೆತ ತರಬಹುದು. 108ಕ್ಕೆ ಫೋನ್ ಮಾಡಿ. ಕೋಣೆ ಕತ್ತಲಾಗಿರಲಿ, ಸದ್ದು ಬೇಡ, ಸುತ್ತ ಜನ ಸೇರಿ ಮೈ ಉಜ್ಜುವುದು ಬೇಡ. ಈ ನಂಜಿಗೆ ಪ್ರತಿವಿಷ ಇಲ್ಲ. ಆಸ್ಪತ್ರೆಯಲ್ಲಿ ಡಯಾಜೆಪಾಮ್ ಥರದ ಔಷಧಿ ಕೊಟ್ಟು ಸೆಳೆತ ತಡೆಯುತ್ತಾರೆ. ಬೇಕಾದರೆ ಸ್ನಾಯುಗಳನ್ನು ಪೂರ್ತಿ ಸಡಿಲಗೊಳಿಸಿ ವೆಂಟಿಲೇಟರ್‌ನಲ್ಲಿ ಉಸಿರಾಡಿಸುತ್ತಾರೆ. ಸೆಟೆದು ಸೆಟೆದು ಒಡೆದ ಸ್ನಾಯುಗಳಿಂದ ಕಿಡ್ನಿಗೆ ಪೆಟ್ಟಾಗದಂತೆ ನೋಡಿಕೊಳ್ಳುತ್ತಾರೆ. ಮೊದಲ 24 ಗಂಟೆ ದಾಟಿದವರು ಹೆಚ್ಚಾಗಿ ಉಳಿಯುತ್ತಾರೆ. ಹೋಗುವಾಗ ಮಿಕ್ಕ ಕಷಾಯ, ತೊಗಟೆಯ ತುಂಡು ಅಥವಾ ಪುಡಿಯ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಳ್ಳಿ. ಏನು ಕುಡಿದರು, ಎಷ್ಟು ಹೊತ್ತಿಗೆ ಕುಡಿದರು, ಅದೇ ಕಷಾಯವನ್ನು ಮನೆಯಲ್ಲಿ ಇನ್ನು ಯಾರು ಯಾರು ಕುಡಿದಿದ್ದಾರೆ ಎಂಬುದನ್ನು ಡ್ಯೂಟಿ ಡಾಕ್ಟರ್‌ಗೆ ಮೊದಲೇ ಹೇಳಿ. ಕುಡಿದವರಿಗೆ ಇನ್ನೂ ಏನೂ ಆಗಿಲ್ಲದಿದ್ದರೂ ಅವರನ್ನೂ ಜೊತೆಗೇ ಕರೆದುಕೊಂಡು ಹೋಗಿ.